ಆಕಾಶ ಕಾಣುವ ಚಪ್ಪರ

ವೆಲ್ಲಿಂಗ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯ ಯಹೂದಿ ಆಂಟಿ ಪ್ರತಿ ವಸಂತದಲ್ಲೂ ಸುಕ್ಕೋತ್ ಹಬ್ಬಕ್ಕೆ ಹಿತ್ತಲಲ್ಲಿ ಚಪ್ಪರ ಹಾಕುತ್ತಿದ್ದರು. ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ, ಬೇಲಿಯಾಚೆ ಯಾರು ಕಂಡರೂ "ಜಾಗ ಇದೆ, ಊಟಕ್ಕೆ ಬನ್ನಿ" ಅನ್ನುವರು. ವಾರವಿಡೀ ಊಟ ಅದರಡಿಯೇ. ಈಜಿಪ್ಟಿನ ದಾಸ್ಯ ಬಿಟ್ಟು ಹೊರಟ ಅವರ ಹಿರಿಯರು ಮರಳುಗಾಡಿನಲ್ಲಿ ಇಂಥದ್ದರಲ್ಲೇ ಬಾಳಿದರಂತೆ. ಅದರ ನೆನಪಿಗೆ ಈ ಸಂಭ್ರಮ.

ಒಂದು ವರ್ಷ ಹಬ್ಬ ಶುರುವಾಗುವ ಸಂಜೆಯೇ ಮೋಡ ಕವಿಯಿತು. ಆಂಟಿ ಒಳಗೆ ಅಡುಗೆಯಲ್ಲಿದ್ದಾಗ ನಮ್ಮ ಮನೆಯವರು ಉಪಕಾರವೆಂದು ಚಪ್ಪರದ ಸೊಪ್ಪಿನ ಮೇಲೆ ನೀಲಿ ಟಾರ್ಪಾಲು ಬಿಗಿದರು. ಹೊರಬಂದ ಆಂಟಿ ಹೌಹಾರಿದರು.

"ತೆಗಿಯಪ್ಪಾ, ಬೇಗ! ಸೊಪ್ಪಿನ ಸಂದಿಯಲ್ಲಿ ಆಕಾಶ ಕಾಣ್ಬೇಕು. ಇಲ್ದಿದ್ರೆ ಇದು ಹಬ್ಬದ ಚಪ್ಪರವೇ ಅಲ್ಲ. ಸೂರ್ಯ ಮುಳುಗಿದ್ಮೇಲೆ ಕಟ್ಟೋದು ಬಿಚ್ಚೋದು ಮಾಡೋ ಹಾಗಿಲ್ಲ."

"ನೆನೀತೀರಲ್ಲ ಆಂಟಿ!" ಎಂದರು ಇವರು.

"ಮರಳುಗಾಡಲ್ಲಿ ಅವರಿಗೆ ಯಾರು ಟಾರ್ಪಾಲ್ ಕಟ್ಟಿದ್ರು?"

ಹೊತ್ತು ಮುಳುಗುವ ಮುನ್ನ ಗಂಡ ಹೆಂಡತಿ ಸೇರಿ ಬಿಚ್ಚಿದೆವು. ಮೂವರೂ ಉಣ್ಣಲು ಕೂತಾಗ ಮಳೆ ಶುರುವಾಯಿತು. ನನ್ನ ಸೂಪಿಗೆ ಟಪಟಪನೆ ಹನಿ ಬಿದ್ದವು. ಆಂಟಿ ನನ್ನ ಬಟ್ಟಲಿಗೆ ಬಗ್ಗಿ ನೋಡಿದರು.

"ನೋಡಮ್ಮ, ಇವತ್ತು ಸೂಪು ಖಾಲಿಯಾಗೋ ಮಾತೇ ಇಲ್ಲ" ಎನ್ನುತ್ತಾ ಇನ್ನೊಂದು ಸೌಟು ಬಡಿಸಿದರು.