ರಷ್ಯದ ಕೊಲೆಗಾರನೂ ಸವಣೂರಿನ ಖಾರಾವೂ

ಸವಣೂರಿನ ಖಾರಾವನ್ನು ಸಪ್ಪಳವಿಲ್ಲದೆ ತಿಂದವರನ್ನು ನಾನಿನ್ನೂ ನೋಡಿಲ್ಲ. ಮಿತಭಾಷಿಗಳಿರಲಿ, ಮೌನವ್ರತದ ಸ್ವಾಮಿಗಳಿರಲಿ, ಒಂದು ಹಿಡಿ ಬಾಯಿಗೆ ಬಿತ್ತೆಂದರೆ ಎಲ್ಲರೂ ಕರಕರ ಅನ್ನಲೇಬೇಕು. ಅದನ್ನು ಕರಿದು ಮಾರಿಯೇ ಬದುಕುವ ನನಗೆ ಆ ಸಪ್ಪಳ ಲಕ್ಷ್ಮಿಯ ಗೆಜ್ಜೆಯ ಹಾಗೆ ಕೇಳಿಸುತ್ತಿತ್ತು. ಈಗ ಹಾಗೆ ಕೇಳಿಸುವುದಿಲ್ಲ. ಅದಕ್ಕೆ ಕಾರಣ ಒಬ್ಬ ರಷ್ಯನ್ ಕೊಲೆಗಾರ. ನಗಬೇಡಿ, ಹೇಳುತ್ತೇನೆ.

ನನ್ನ ಅಕ್ಕ ಇಲ್ಲಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ವಿದ್ಯೆ ಎಂಬುದು ನಮ್ಮ ಮನೆಗೆ ಬಂದಾಗ ಪೂರ್ತಿ ಅವಳ ತಾಟಿಗೇ ಬಿತ್ತು; ನಾನು ಏಳನೆಯ ಇಯತ್ತೆಗೇ ಕೈ ತೊಳೆದುಕೊಂಡೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅವಳು ಬಾಡಿಗೆಯ ಸಭಾಭವನದ ಕಿಟಕಿಗಳಿಗೆ ಜಮಖಾನ ಕಟ್ಟಿ, ಪರದೇಶದ ಸಿನಿಮಾ ತೋರಿಸುತ್ತಾಳೆ. ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತವೆ, ಅವುಗಳ ಬೆನ್ನು ಹತ್ತುವಷ್ಟು ದಮ್ಮು ನಮ್ಮವರ ಕಣ್ಣಿಗಿಲ್ಲ. ಆದ್ದರಿಂದ ಅಕ್ಕ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಾಳೆ, ನಾನು ತೆರೆಯ ಪಕ್ಕದಲ್ಲಿ ಮೈಕು ಹಿಡಿದು ಹೇಳುತ್ತೇನೆ. ದೊಡ್ಡಾಟದಲ್ಲಿ ಸಾರಥಿಯಾಗಿ ನಿಂತು, ಬಂದ ಬಂದ ಪಾತ್ರವನ್ನೆಲ್ಲ ‘ತಾವು ಯಾರು, ಬಂದ ಕಾರಣವೇನು’ ಎಂದು ವಿಚಾರಿಸಿ ಪಳಗಿದ ಗಂಟಲು ನನ್ನದು.

ಈ ಸಲದ ರಷ್ಯನ್ ಸಿನಿಮಾದ ಬಗ್ಗೆ ಅದರ ದೇಶದಲ್ಲಿಯೇ ದೊಡ್ಡ ಜಗಳವಾಗಿತ್ತಂತೆ. ಟ್ರಾಮ್ ರಿಪೇರಿ ಮಾಡುವವನೊಬ್ಬ ತನ್ನ ಓಣಿಯ ಗೂಂಡಾನನ್ನು ಕೊಲ್ಲುತ್ತಾನೆ, ಅದನ್ನು ಕಂಡವನನ್ನೂ ಕೊಲ್ಲುತ್ತಾನೆ, ಕಡೆಗೆ ತನ್ನ ಅಕ್ಕನ ಮನೆಗೆ ಹೋಗಿ ಗಂಜಿಯಂಥದೇನನ್ನೋ ಕುಡಿಯುತ್ತಾನೆ. ಮುಗಿಯಿತು. ಪೊಲೀಸರಿಲ್ಲ, ಜೈಲಿಲ್ಲ, ದೇವರೂ ರಜೆಯ ಮೇಲೆ.

ಇದನ್ನು ಹೇಗೆ ತೋರಿಸಬೇಕೆಂದು ಸಿನಿಮಾ ನಡೆಸುವ ನಮ್ಮ ಗುಂಪಿನಲ್ಲಿ ವಾದ ಹತ್ತಿತು.

“ಅಕ್ಕಾರ, ಹಿಂಗ ಬಿಟ್ರ ಹುಡುಗ್ರು ಏನ್ ಕಲೀತಾವ? ಮೊದಲ ನಾ ಅರ್ಧಾ ತಾಸು ನೀತಿ ಹೇಳ್ತೇನ್ರಿ,” ಎಂದರು ನಿವೃತ್ತ ಹೆಡ್‌ಮಾಸ್ತರರು.

“ಸರ, ನಿಮ್ಮ ಅರ್ಧಾ ತಾಸು ಕೇಳಿದ ಮ್ಯಾಲೆ ಹುಡುಗ್ರು ಸಿನಿಮಾ ನೋಡದನ ಖೂನಿ ಕಲೀತಾವ,” ಎಂದಳು ಅಕ್ಕ.

ಎಲೆಬಳ್ಳಿ ತೋಟದ ಯಜಮಾನರು ಮಧ್ಯಸ್ಥಿಕೆಗೆ ಬಂದರು. “ಕಡೀಕ ಒಂದು ಭಕ್ತಿಗೀತಾ ಹಚ್ಚಿಬಿಡೂಣ್ರಿ. ಪಾಪ ತೊಳದ ಹೋಗತೈತಿ.”

“ಇದ್ದದ್ದು ಇದ್ದಂಗ ತೋರಸ್ತೇನಿ. ಮುಂದ ಭಾಷಣ ಇಲ್ಲ, ಹಿಂದ ಭಜನಿ ಇಲ್ಲ. ಒಪ್ಪಲಿಲ್ಲಂದ್ರ ಇನ್ನ ಮ್ಯಾಲೆ ಈ ಜಮಖಾನ ಕಟ್ಟೂದ ಬಿಡ್ತೇನಿ,” ಎಂದು ಅಕ್ಕ ಎದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಲೇ ಬಸ್ಯಾ, ಕಡೀ ಸೀನಿನ್ಯಾಗ ಯಾರೂ ಮಾತಾಡೂದಿಲ್ಲ. ನೀನೂ ಬಾಯಿ ಮುಚಗೊಂಡು ನಿಂದರು. ನಿನ್ನ ನಂಬೇನಿ,” ಎಂದಳು.

ನಾನು ಹೂಂ ಅಂದೆ. ಆದರೆ ಗೆಳೆಯರೇ, ದೊಡ್ಡಾಟದಲ್ಲಿ ಎಂಥ ರಾಕ್ಷಸನೂ ಹೆಸರು ಹೇಳಿ, ಸತ್ತು, ಮಂಗಳ ಹಾಡಿಸಿಕೊಳ್ಳದೆ ರಂಗದಿಂದ ಇಳಿಯುವಂತಿಲ್ಲ. ಮಂಗಳವಿಲ್ಲದೆ ಆಟ ಬಿಟ್ಟೇಳುವುದು ಕೇಡೆಂದು ನಂಬಿದ ಗಂಟಲು ಅಂದಿನಿಂದಲೇ ತುರಿಸತೊಡಗಿತು.

ಆ ಭಾನುವಾರ ಭವನ ತುಂಬಿತ್ತು, ಎಲ್ಲರ ಕೈಯಲ್ಲೂ ನನ್ನ ಖಾರಾದ ಪೊಟ್ಟಣ. ಕಡೆಯ ದೃಶ್ಯ ಬಂತು. ರಷ್ಯದ ಅಕ್ಕ ತಮ್ಮನ ಮುಂದೆ ಬಟ್ಟಲಿಟ್ಟಳು. ಅವನು ಕುಡಿಯತೊಡಗಿದ, ಅವಳು ನೋಡುತ್ತ ಕುಳಿತಳು. ನಿಧಾನವಾಗಿ ಭವನದಲ್ಲಿ ಕರಕರ ನಿಂತಿತು. ಜನ ಉಸಿರು ಹಿಡಿದಿದ್ದರೆಂದು ಈಗ ತಿಳಿಯುತ್ತದೆ. ಆದರೆ ಖಾರಾ ಮಾರುವವನಿಗೆ ಕರಕರ ನಿಂತಿತೆಂದರೆ ಗಿರಾಕಿ ಎದ್ದುಹೋದನೆಂದೇ ಅರ್ಥ. ಗಾಬರಿಯಾಗಿ ಮೈಕಿಗೆ ಬಾಯಿ ಹಚ್ಚಿದೆ: “ಅಕ್ಕಾ, ನನ್ನಿಂದ ತಪ್ಪಾತು. ಎರಡು ಜೀವ ತಗದೇನಿ. ಈ ಗಂಜಿ ಕುಡದು ಪೊಲೀಸರ ಕಡೆ ಹೊಂಟೇನಿ.”

ಆ ಪುಣ್ಯಾತ್ಮನ ಬಾಯಿಯಲ್ಲಿ ಚಮಚವಿತ್ತು. ಯಾರು ನೋಡಿದರು? ಚಪ್ಪಾಳೆ! ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡು, “ಎಂಥಾ ನೀತಿವಂತ ಸಿನಿಮಾರೀ ಇದು!” ಎಂದರು. ಹಿರೇಕೆರೂರಿನಿಂದ ಬಂದಿದ್ದವರಂತೂ, “ನಮ್ಮೂರಾಗೂ ತೋರಸ್ರಿ, ಆ ಕಡೀ ಮಾತು ಹೇಳಾವನ್ನ ಮರೀದ ಕರಕೊಂಡ ಬರ್ರಿ,” ಎಂದು ಅಕ್ಕನಿಗೆ ಗಂಟುಬಿದ್ದರು. ಕರಕರ ಮತ್ತೆ ಶುರುವಾಯಿತು. ಅಕ್ಕ ನನ್ನ ಕಡೆ ನೋಡದೆ ಜಮಖಾನ ಬಿಚ್ಚುತ್ತಿದ್ದಳು, ಇನ್ನೆಂದೂ ಕಟ್ಟುವುದಿಲ್ಲವೆಂಬಂತೆ.

ಮರುದಿನ ಬೆಳಿಗ್ಗೆ ಹೊಸದಾಗಿ ಕರಿದ ಖಾರಾ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಅವಳು ಅದನ್ನೇ ತಾಟಿಗೆ ಸುರಿದು ನನ್ನ ಮುಂದಿಟ್ಟು, ಎದುರಿಗೆ ಕುಳಿತಳು. ಕಂಡು ಕೇಳದ ದೇಶದವನಿಗೆ ಕ್ಷಣದಲ್ಲಿ ಪಶ್ಚಾತ್ತಾಪ ಹೊಂದಿಸಿಕೊಟ್ಟ ನಾನು ತಾಟಿನ ಅಂಚನ್ನು ಬೆರಳಿನಿಂದ ಒರೆಸತೊಡಗಿದೆ.

“ಲೇ, ಮಾತಾಡು. ಅವನ ಬಾಯಾಗ ಅಷ್ಟ ಚಂದ ಹಾಕಿದಿ. ನಿನ್ನ ಬಾಯಾಗ ಯಾರ ಹಾಕಬೇಕು?” ಎಂದಳು ಅಕ್ಕ.

“ಅಕ್ಕಾ, ಹಿರೇಕೆರೂರಾಗ ಸಿನಿಮಾದ ಮೊದಲ ಎದ್ದು ನಿಂತು ಹೇಳ್ತೇನಿ, ಆ ಮಾತು ನಂದು, ಸಿನಿಮಾದ್ದಲ್ಲ ಅಂತ.”

“ಮತ್ತ ಭಾಷಣನ?” ಎಂದಳು, ತುಟಿಯ ಮೂಲೆಯಲ್ಲಿ ನಗು ಇಣುಕಿದ್ದು ನನ್ನ ಭ್ರಮೆಯಿದ್ದರೂ ಇರಬಹುದು. “ಅವರಿಗೆ ನಾ ಹೇಳ್ಕೊಂತೇನಿ. ನೀ ಅಲ್ಲಿ ಬಂದು ಸುಮ್ಮ ನಿಂದರು, ಸಾಕು. ಖಾರಾ ತರಬ್ಯಾಡ.”

ಅಂದರೆ ಜಮಖಾನ ಮತ್ತೆ ಕಟ್ಟುತ್ತಾಳೆ. ಸುಮ್ಮನೆ ನಿಲ್ಲುವುದನ್ನು ಅಭ್ಯಾಸ ಮಾಡಬೇಕೆನಿಸಿ, ಒಂದು ಹಿಡಿ ಖಾರಾ ಬಾಯಿಗೆ ಹಾಕಿಕೊಂಡು, ಕಡಿಯದೆ ಹಾಗೆಯೇ ನೆನೆಯಲು ಬಿಟ್ಟೆ. ಸಪ್ಪಳವಿಲ್ಲದೆ ತಿನ್ನಲು ಬರುತ್ತದೆ. ನಾಲಿಗೆ ಮಾತ್ರ ಹೆಚ್ಚು ಉರಿಯುತ್ತದೆ.