ಹಲ್ಲಿದ್ದ ಕಾಲದ ಸ್ವರ

ಮಾಫೆಟೆಂಗ್ ಊರಿನಲ್ಲಿ ಮುನಿದ ಫ್ರಿಜ್ಜಿಗೂ ಗಂಟಲು ಕಟ್ಟಿದ ರೇಡಿಯೊಗೂ ಒಬ್ಬನೇ ವೈದ್ಯ, ಮೊತ್ಲಾತ್ಸಿ. ಐವತ್ತೆರಡು ವರ್ಷ, ಎರಡು ಕುರ್ಚಿ ಬೇಡುವ ಮೈ, ಕಿವಿಯ ಸಂದಿಯಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಚರ್ಚಿನ ಗಾಯಕರ ಹಾಡುಗಳನ್ನು ಹಾರ್ಡ್ ಡಿಸ್ಕ್ ರೆಕಾರ್ಡರಿನಲ್ಲಿ ಹಿಡಿದಿಡುವುದೂ ಅವನದೇ ಪಾಲು. ಅವನಿಗೆ ತಂತಿ ಗೊತ್ತು, ತಾನ ಗೊತ್ತಿಲ್ಲ ಎಂದು ಅವರು ಆಡಿಕೊಂಡರೆ ಅವನೂ ಸೇರಿಕೊಂಡು ನಗುತ್ತಿದ್ದ.

ಈ ಸಲದ ಧ್ವನಿಮುದ್ರಣಕ್ಕೆ ಮಾತ್ರ ಗಡುವಿತ್ತು. ಮುಖ್ಯ ಗಾಯಕಿ, ಎಲ್ಲರೂ ಮ್ಮೆ, ಅಂದರೆ ಅಮ್ಮ, ಎಂದು ಕರೆಯುವ ಮಖೊತ್ಸೊಗೆ ಎಪ್ಪತ್ತಾರು. ಸೋಮವಾರ ಮುಂದಿನ ನಾಲ್ಕು ಹಲ್ಲು ಕೀಳಿಸುವುದಿತ್ತು. ಸ್ವಂತ ಹಲ್ಲಿನಲ್ಲಿ ಹಾಡಿದ್ದೊಂದು ಉಳಿಯಲೇಬೇಕೆಂದು ಹಟ ಹಿಡಿದು ಶನಿವಾರವೇ ಎಲ್ಲರನ್ನೂ ಕೂಡಿಸಿದಳು. ಮೂರು ಸಲ ಹಾಡಿದರು. ಮೂರನೆಯದು ಮುಗಿದದ್ದೇ ತಡ, ಪಾದ್ರಿಯ ಹೆಂಡತಿ ಚಹಾ ಕೆಟಲಿಗೆಂದು ರೆಕಾರ್ಡರಿನ ಪ್ಲಗ್ ಕಿತ್ತಳು. ಡಿಸ್ಕಿನಲ್ಲಿ ಚದುರಿಸಿಟ್ಟ ಹಾಡಿನ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ಬರೆದುಕೊಳ್ಳುವ ಮೊದಲೇ ಯಂತ್ರ ಕಣ್ಣು ಮುಚ್ಚಿತು. ಹಾಡು ಒಳಗಿತ್ತು, ವಿಳಾಸವಿರಲಿಲ್ಲ.

ಹಲ್ಲು ಹೋದ ಎಂಟನೆಯ ದಿನ ಮಖೊತ್ಸೊ ಅಂಗಡಿಗೆ ಬಂದಳು. ಮೊತ್ಲಾತ್ಸಿ ಡಿಸ್ಕನ್ನು ಬಿಚ್ಚಿ, ಕಂಪ್ಯೂಟರಿಗೆ ಜೋಡಿಸಿ, ಇನ್ನೂರ ಹನ್ನೊಂದು ತುಂಡು ಹೆಕ್ಕಿಟ್ಟಿದ್ದ. ಯಾವುದರ ಹಿಂದೆ ಯಾವುದೆಂದು ತಿಳಿಯದೆ ಸೋತಿದ್ದ.

"ಒಂದೊಂದೇ ಹಾಕು ನ್ತಾತೆ, ನಮ್ಮಪ್ಪಾ," ಎಂದು ಆಕೆ ಹಾಡಿನ ಡೋ-ರೆ-ಮಿ ಸ್ವರ ಬರೆದ ಹಾಳೆಯನ್ನು ಮಡಿಲಲ್ಲಿ, ಹೊದ್ದ ಕಂಬಳಿಯ ಮೇಲೆ ಹರಡಿದಳು. ಮುಂದಿನ ಹಲ್ಲಿಲ್ಲದ ಬಾಯಲ್ಲಿ ಈಗ ಸಕಾರ ಬಂದಲ್ಲೆಲ್ಲ ಸಣ್ಣ ಸೀಟಿ.

"ಇದು?" ಅವನು ಒಂದು ತುಂಡು ಹಾಕಿದ.

"ಮೂರನೇ ಸಾಲು. ನಮ್ಮ ಗಂಡಸ್ರು ಅಲ್ಲಿ ಯಾವಾಗ್ಲೂ ತಡ. ಊಟಕ್ಕೆ ಮಾತ್ರ ಮುಂಚೆ."

"ಇದು, ಮ್ಮೆ?"

"ಎರಡನೇ ಸಲದ್ದು, ಗಂಡಸ್ರ ಸಾಲಲ್ಲಿ ಆ ಸೆಲ್ಲೊ ಕೆಮ್ಮಿದ್ನಲ್ಲ. ಪಕ್ಕಕ್ಕಿಡು."

ಎರಡು ಮಧ್ಯಾಹ್ನ ಕಳೆದು ಮೂರನೆಯ ಸಲದ ಹಾಡು ಎದ್ದು ನಿಂತಿತು. ಆದರೆ ಆಕೆಯ ಕಂಠ ತುತ್ತತುದಿಗೇರುವ ಜಾಗದಲ್ಲಿ ದಪ್ಪ ದನಿಯೊಂದು, "ಒಂದು, ಎರಡು... ಕೇಳಿಸ್ತಾ? ಒಂದು, ಎರಡು," ಎಂದಿತು.

ಮೊತ್ಲಾತ್ಸಿಯ ಕಿವಿ ಬಿಸಿಯಾಯಿತು. "ಅದು ನಾನೇ ಮ್ಮೆ. ಅವತ್ತು ಪ್ಲಗ್ ಮತ್ತೆ ಹಾಕಿ, ಮಿಷನ್ ಬದುಕಿದ್ಯಾ ನೋಡೋಣ ಅಂತ ಮಾತಾಡಿ ರೆಕಾರ್ಡ್ ಮಾಡ್ಬಿಟ್ಟೆ. ನಿಮ್ಮ ಸ್ವರದ ಮೇಲೇ ಕೂತಿದೀನಿ."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀನು ಕೂತ್ಮೇಲೆ ಅದು ಬದುಕಿರತ್ತೇನಪ್ಪಾ?"

ಅವನು ನಗಲಿಲ್ಲ. ಆಕೆ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟಳು. "ಮಿಕ್ಕ ಸಲಗಳಲ್ಲಿ?" ಎಂದಳು.

"ಮೊದಲ್ನೇ ಸಲ ನೀವು ಅಲ್ಲೇ ನಿಲ್ಸಿ ಗಂಡಸರಿಗೆ ಬೈದಿದೀರಿ. ಎರಡನೇ ಸಲ..."

ಪಕ್ಕಕ್ಕಿಟ್ಟ ತುಂಡುಗಳನ್ನು ಮತ್ತೆ ಕೆದಕಿದರು. ಇಪ್ಪತ್ತಮೂರನೆಯದರಲ್ಲಿ ಸ್ವರ ಸಿಕ್ಕಿತು, ಇಡಿಯಾಗಿ. ಸೆಲ್ಲೊನ ಕೆಮ್ಮು ಅದರ ಬಾಲ ಹಿಡಿದೇ ಬರುತ್ತಿತ್ತು. ಮೊತ್ಲಾತ್ಸಿ ಕೂದಲೆಳೆಯಷ್ಟು ಮೊದಲೇ ಕತ್ತರಿಸಿ, ತನ್ನ ದನಿ ತೆಗೆದ ಜಾಗದಲ್ಲಿ ಕೂರಿಸಿ, ಹಾಡನ್ನು ಮೊದಲಿನಿಂದ ಬಿಟ್ಟ.

ಮಖೊತ್ಸೊ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು.

"ಒಂಚೂರು ಇಳಿದಿದೆ," ಎಂದಳು.

"ಏನು?"

"ಸ್ವರ. ಬಾಯ್ತುಂಬ ಹಲ್ಲಿಟ್ಕೊಂಡು ಈ ಹೆಂಗ್ಸು ಹಾಡಿದ್ದು ಇಷ್ಟೇನಾ! ನಾನು ಇದಕ್ಕಾ ಇಷ್ಟು ದಿನ ನಿದ್ದೆಗೆಟ್ಟಿದ್ದು?"

"ಮಿಷನ್ನಲ್ಲಿ ಎತ್ತರಿಸ್ಬೋದು, ಮ್ಮೆ. ಯಾರಿಗೂ ಗೊತ್ತಾಗಲ್ಲ."

"ಕೈ ಹಚ್ಚಿದ್ರೆ ನೋಡು! ಇಳಿದಿದ್ರೂ ನಂದೇ." ಆಕೆ ಕುರ್ಚಿಯನ್ನು ಧ್ವನಿವರ್ಧಕದ ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದ್ಸಲ ಹಾಕು. ಜೋರಾಗಿ ಹಾಕು, ಬೀದಿಗೂ ಕೇಳ್ಲಿ."