ದನದ ಡಾಕ್ಟರು ಹೇಳಿದ ಕುಂಬಳಕಾಯಿ

ಭಾಲ್ಕಿಯ ನಮ್ಮ ಓಣಿಗೆ ಬರುತ್ತಿದ್ದ ದನದ ಡಾಕ್ಟರು, ಎಮ್ಮೆಯಾಗಲಿ ಎತ್ತಾಗಲಿ, ಮೊದಲು ಅದರ ಗದ್ದ ಹಿಡಿದು ಕೇಳುತ್ತಿದ್ದರು: "ಹೊಟ್ಟಿಗಿ ಏನ್ ಹೋಗ್ತದರಿ?"

ನಮ್ಮ ನಾಯಿ ಮೋತಿ ಅಂಗಳದ ತುಂಬ ಕುಂಡಿ ಉಜ್ಜುತ್ತ ಜಾರುತ್ತಿದ್ದಾಗಲೂ ಅದನ್ನೇ ಕೇಳಿದರು.

"ಹಾಲು, ಬ್ರೆಡ್ಡು," ಎಂದೆ.

ಅವರು ಬಾಲ ಎತ್ತಿ ಗುದದ ಪಕ್ಕದ ಗ್ರಂಥಿ ಒತ್ತಿದರು. ನಾತಕ್ಕೆ ನಾನು ಬೀದಿಗೆ ಓಡಿದೆ. ಅವರ ಮೂಗು ಅಲುಗಲಿಲ್ಲ.

"ಹೇಲು ಗಟ್ಟಿ ಬಂದ್ರ ಈ ಚೀಲ ತಾನಾ ಖಾಲಿ ಆಗ್ತದ. ಅದಕ್ಕ ನಾರು ಬೇಕು. ಕುದಿಸಿದ ಕುಂಬಳಕಾಯಿ ದಿನಾ ಎರಡು ಚಮಚ ಹಾಕ್ರಿ. ಮತ್ತ ತುಂಬಿ ಕೀವಾತಂದ್ರ ಕೊಯ್ಬೇಕಾಗ್ತದ."

ಕುಂಬಳಕಾಯಿ ತಂದು, ಅಜ್ಜಿಯ ಗದ್ದ ಹಿಡಿದು, ಡಾಕ್ಟರ ದನಿಯಲ್ಲೇ ಎಲ್ಲವನ್ನೂ ಒಪ್ಪಿಸಿದೆ. ಮನೆಯವರು ಬಿದ್ದು ಬಿದ್ದು ನಕ್ಕರು. ನಗುವಿನಲ್ಲಿ ಚಮಚದ ಮಾತು ಯಾರಿಗೂ ಕೇಳಿಸಲಿಲ್ಲ. ಕುಂಬಳಕಾಯಿ ದೃಷ್ಟಿ ತೆಗೆಯಲಿಕ್ಕೆಂದುಕೊಂಡು ಅಜ್ಜಿ ಅದನ್ನು ಮೋತಿಗೆ ಮೂರು ಸುತ್ತು ನಿವಾಳಿಸಿ ಬಾಗಿಲ ಮುಂದೆ ಒಡೆದಳು. ಮೋತಿ ಹೋಗಿ ಹೋಳುಗಳನ್ನು ತಿಂದುಬಿಟ್ಟಿತು.

"ಅಯ್ಯ ಶಿವನೇ, ದೃಷ್ಟಿ ತಿರುಗಿ ಹೊಟ್ಟಿಗಿ ಹೋತಲ್ಲೋ!" ಎಂದಳು ಅಜ್ಜಿ.

ಮರುದಿನ ಇನ್ನೊಂದು ಒಡೆದಳು. ಮೋತಿ ಅದನ್ನೂ ತಿಂದಿತು. ವಾರವೆಲ್ಲ ಇದೇ ನಡೆಯಿತು. ಅಷ್ಟರಲ್ಲಿ ಜಾರುವುದು ನಿಂತಿತ್ತು. ದೃಷ್ಟಿ ಹೋಗಿದ್ದೋ, ನಾರು ಕೆಲಸ ಮಾಡಿದ್ದೋ? ನಾನೂ ಅಜ್ಜಿಯೂ ಜಗಳಾಡುತ್ತಿರುವಾಗಲೇ ಡಾಕ್ಟರು ಬಂದರು. ಇಬ್ಬರ ವಾದ ಕೇಳಿ, ಮೋತಿಯ ಬಾಲ ಎತ್ತಿ ನೋಡಿ, ಗಂಭೀರವಾಗಿ ಅಜ್ಜಿಗೆ ಹೇಳಿದರು:

"ನಾಳಿಂದ ಕುದಿಸಿ ಒಡೀರಿ, ಆಯಿ."

ಆ ಮಾತನ್ನು ಇವತ್ತಿಗೂ ಅವರಂತೆಯೇ ಆಡಿ ತೋರಿಸುತ್ತೇನೆ. ಅವರು ಒಳಗೊಳಗೇ ನಕ್ಕಿದ್ದು ಅಜ್ಜಿಯನ್ನು ನೋಡಿಯೋ ನನ್ನನ್ನು ನೋಡಿಯೋ ಎಂಬುದು ಮಾತ್ರ ತಿಳಿದಿಲ್ಲ.